ಜಟ್ಟಿ ಎಸಿ ತೆಗೆಸಿದ ಬೇಸಿಗೆ

ಮಾವಳ್ಳಿಯ ಜಟ್ಟಿ ಇಪ್ಪತ್ತೆರಡು ವರ್ಷ ಮೀನಿನ ಬೋಟಿನಲ್ಲಿ ಇಂಜಿನ್ ನೋಡಿಕೊಂಡಿದ್ದವನು. ಬಲೆಯ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದ ಮೇಲೆ ಕಡಲು ಬಿಟ್ಟ. ದುಬೈಯಿಂದ ಮರಳಿದ ಭಟ್ಕಳದ ಸಾಹೇಬರೊಬ್ಬರು ವರ್ಷಗಟ್ಟಲೆ ಮನೆ ಮುಂದೆ ನಿಲ್ಲಿಸಿಟ್ಟಿದ್ದ ಹಳೇ ಡೀಸೆಲ್ ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದ.

ಮಂಗಳವಾರ, ಶುಕ್ರವಾರ ಮಾತ್ರ ಆ ಕಾರು ಬೇರೆ ಯಾರಿಗೂ ಸಿಗುತ್ತಿರಲಿಲ್ಲ. ಆ ಎರಡು ದಿನ ಅವನು ಬಂಗಾರಿಯನ್ನು ಹೊನ್ನಾವರಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ. ಬಂಗಾರಿ ಅವನ ಕೇರಿಯವಳೇ. ಮೀನು ಬುಟ್ಟಿ ಹೊತ್ತು ಊರೂರು ತಿರುಗಿದವಳ ಎರಡೂ ಕಿಡ್ನಿ ಈಗ ಸೋತಿದ್ದವು. ಮಗಳು ದೀಪಿಕಾಗೆ ಕುಮಟಾದ ಬಟ್ಟೆ ಅಂಗಡಿಯಲ್ಲಿ ಕೆಲಸ, ವಾರಕ್ಕೆರಡು ರಜೆ ಯಾರು ಕೊಡುತ್ತಾರೆ? ಹಾಗಾಗಿ ನಾಲ್ಕು ತಾಸು ಮಂಚದ ಪಕ್ಕ ಕೂರುವವನೂ ಜಟ್ಟಿಯೇ. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದೆಂದು ಡಾಕ್ಟರು ಅವಳಿಗೆ ಕಟ್ಟುನಿಟ್ಟು ಮಾಡಿದ್ದರು. ಸೆಕೆ ತಾಗಿದರೆ ಬಾಯಾರುತ್ತದೆ. ಅದಕ್ಕೇ ಅವಳು ಎಸಿ ಇದ್ದ ಇವನ ಕಾರನ್ನೇ ಹಿಡಿದದ್ದು.

ಏಪ್ರಿಲ್‌ನಲ್ಲಿ ಕಾರಿನ ಇಂಜಿನ್ ಕಾಯತೊಡಗಿತು. ದಾರಿಯಲ್ಲಿ ಮಂಕಿ ಊರು ದಾಟುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬರುತ್ತಿತ್ತು. ಹೊನ್ನಾವರದ ಮೆಕ್ಯಾನಿಕ್ ವೆಂಕಟ ಬಾನೆಟ್ ಎತ್ತಿ ನೋಡಿದ. ರೇಡಿಯೇಟರಿನ ಮುಂದೆಯೇ ಎಸಿಯ ಜಾಲರಿ ಕೂತಿತ್ತು. ಉಪ್ಪುಗಾಳಿಗೆ ತುಕ್ಕು ಹಿಡಿದು, ಧೂಳು ಮೆತ್ತಿ, ಗಾಳಿಯೇ ಒಳಗೆ ಹೋಗುತ್ತಿರಲಿಲ್ಲ. ಕಂಪ್ರೆಸರ್ ಕೂಡ ಗರಗರ ಅನ್ನುತ್ತಿತ್ತು. ಎಸಿ ಪೂರ್ತಿ ಕಳಚಿ ತೆಗೆದರೆ ಇಂಜಿನ್ ಉಳಿಯುತ್ತದೆ, ಇಟ್ಟುಕೊಂಡರೆ ಒಂದು ದಿನ ಇಂಜಿನ್ನಿನ ಹೆಡ್ಡೇ ಸುಟ್ಟುಹೋಗುತ್ತದೆ ಅಂತ ವೆಂಕಟ ಹೇಳಿದ.

ಇಂಜಿನ್ ಕೂತುಹೋದರೆ ಬಂಗಾರಿಯ ಗತಿಯೇನು ಅನ್ನುವುದೇ ಜಟ್ಟಿಯ ತಲೆಯಲ್ಲಿತ್ತು. ಅವಳನ್ನು ಕೇಳಬೇಕು ಅಂತಲೂ ಅನ್ನಿಸಿತು. ಕೇಳಿದರೆ ಬೇಡ ಅಂದಾಳೆಂದು ಕೇಳಲಿಲ್ಲ.

"ಆತು, ತೆಗಿ," ಅಂದ.

ಒಂದು ಮಧ್ಯಾಹ್ನದಲ್ಲಿ ಗ್ಯಾಸು ಬಿಟ್ಟು, ಜಾಲರಿ, ಪೈಪು, ಕಂಪ್ರೆಸರ್ ಎಲ್ಲ ಹೊರಗೆ ಬಂತು. ಕಂಪ್ರೆಸರ್ ಇಲ್ಲದ್ದಕ್ಕೆ ಗಿಡ್ಡ ಬೆಲ್ಟು ಹಾಕಿದ. ಕಳಚಿದ್ದೆಲ್ಲ ಗುಜರಿಗೆ ಹೋಯಿತು.

ಮರುದಿನ ವಿಷಯ ಕೇಳಿ ಬಂಗಾರಿ ಗಾಜು ಇಳಿಸಿಕೊಂಡು, ಸೆರಗು ತಲೆಗೆ ಹಾಕಿ ಕೂತಳು. ನಾಲ್ಕೈದು ಸಲ ಕಾರು ಸರಿಯಾಗಿಯೇ ಓಡಿತು. ಜಟ್ಟಿಗೆ ಗೆದ್ದೆ ಅನ್ನಿಸಿತು. ಆಮೇಲೆ ಮುಳ್ಳು ಮತ್ತೆ ಏರತೊಡಗಿತು.

ಮೇ ತಿಂಗಳ ಒಂದು ಶುಕ್ರವಾರ ಡಯಾಲಿಸಿಸ್ ಮುಗಿಸಿ ಶರಾವತಿ ಸೇತುವೆ ದಾಟಿ ಬರುತ್ತಿದ್ದರು. ಎರಡು ಗಂಟೆಯ ಬಿಸಿಲು. ಅಪ್ಸರಕೊಂಡದ ತಿರುವು ಬರುವಷ್ಟರಲ್ಲಿ ಮುಳ್ಳು ಕೆಂಪಿಗೆ ಹತ್ತಿತು. ಕಾರು ಕಾದರೆ ಹೀಟರ್ ಪೂರ್ತಿ ಹಾಕು, ಇಂಜಿನ್ನಿನ ಬಿಸಿ ಒಳಗೆ ಬಂದುಬಿಡುತ್ತದೆ ಅಂತ ವೆಂಕಟ ಹೇಳಿಕೊಟ್ಟಿದ್ದ. ಜಟ್ಟಿ ಹೀಟರ್ ಹಾಕಿದ. ಒಲೆಯ ಬಾಯಿ ತೆರೆದ ಹಾಗೆ ಬಿಸಿಗಾಳಿ ನುಗ್ಗಿತು. ಹಿಂದಿನ ಸೀಟಿನಲ್ಲಿ ಬಂಗಾರಿ ಬಾಗಿಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ತುಟಿ ಬಿಳಿಚಿಕೊಂಡಿತ್ತು.

ಅವನು ಒಂದು ಗೋಳಿಮರದ ಕೆಳಗೆ ನಿಲ್ಲಿಸಿದ. ಇಂಜಿನ್ ತಣಿಯಲೆಂದು ಕಾದು, ಡಿಕ್ಕಿಯಿಂದ ನೀರಿನ ಕ್ಯಾನು ತೆಗೆದ. ಬಂಗಾರಿ ಕಣ್ಣು ಬಿಟ್ಟಳು.

"ಜಟ್ಟಿ, ಒಂದು ಗುಟುಕು ಕೊಡು ಮಾರಾಯ."

"ಇದು ಕುಡೂ ನೀರಲ್ಲ ಅಕ್ಕ. ನಮ್ಮ ಬಾವಿದು, ಉಪ್ಪು."

ಹಾಗೆ ಹೇಳಿ ಅದೇ ನೀರನ್ನು ರೇಡಿಯೇಟರಿಗೆ ಸುರಿದ.

ಅವಳನ್ನು ಮನೆಗೆ ಮುಟ್ಟಿಸಿದಾಗ ನಡೆಯಲಾರದಂತಾಗಿದ್ದಳು. ಜಟ್ಟಿ ಮತ್ತು ಅವನ ಹೆಂಡತಿ ಮಂಗಲಾ ಹಿಡಿದು ಒಳಗೆ ಕರೆದೊಯ್ದರು. ಆ ಸಂಜೆ ಬಂಗಾರಿ ತಡೆಯಲಾರದೆ ಕೊಡದಿಂದ ತಂಬಿಗೆ ತಂಬಿಗೆ ನೀರು ಕುಡಿದಳಂತೆ. ಮಂಗಳವಾರ ತೂಕ ನೋಡಿದರೆ ಮೈಯಲ್ಲಿ ನೀರು ನಿಂತು ನಾಲ್ಕು ಕಿಲೋ ಹೆಚ್ಚು. ಉಸಿರು ಎಳೆಯುತ್ತಿತ್ತು. ನರ್ಸು ಬೈದಳು, ಮಷಿನ್ನಿಗೆ ಹಾಕಿ ಹೆಚ್ಚು ಹೊತ್ತು ಇಟ್ಟರು. ಜಟ್ಟಿ ಹೊರಗೆ ಕಟ್ಟೆಯ ಮೇಲೆ ಕೂತವನು ಅವತ್ತು ಅವಳ ಮಂಚದ ಪಕ್ಕಕ್ಕೆ ಹೋಗಲು ಧೈರ್ಯವಾಗದೆ ಅಲ್ಲೇ ಉಳಿದ.

ಮರುದಿನವೇ ಅವನು ಕಾರನ್ನು ಕುಮಟಾಕ್ಕೆ ಒಯ್ದ. ರೇಡಿಯೇಟರ್ ಕೆಲಸವನ್ನೇ ಮಾಡುವ ಸುಧಾಕರ ಅಲ್ಲಿದ್ದ. ಅವನು ರೇಡಿಯೇಟರಿನ ಡಬ್ಬಿ ಬಿಚ್ಚಿ, ಜಟ್ಟಿಯನ್ನು ಕರೆದು ತೋರಿಸಿದ. ಒಳಗಿನ ಸಣ್ಣ ಕೊಳವೆಗಳಲ್ಲಿ ಮುಕ್ಕಾಲುಪಾಲು ಬಿಳೀ ಹಕ್ಕಳೆ ಕಟ್ಟಿ ಮುಚ್ಚಿಹೋಗಿದ್ದವು.

"ಯಾವ ನೀರು ಹಾಕ್ತಿದ್ರಿ?" ಸುಧಾಕರ ಕೇಳಿದ.

"ನಮ್ಮ ಬಾವಿದು," ಅಂದ ಜಟ್ಟಿ. ಎರಡು ವರ್ಷದಿಂದ ಅವನ ಮನೆಯ ಬಾವಿಗೆ ಕಡಲ ನೀರು ಬೆರೆತಿತ್ತು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದು ಮಂಗಲಾ ಅಡುಗೆಗೆ ನಳದ ನೀರು ಹಿಡಿಯುತ್ತಿದ್ದಳು. ಬೋಟಿನ ಇಂಜಿನ್ನನ್ನು ಕಡಲ ನೀರಲ್ಲೇ ತಣಿಸಿ ಅಭ್ಯಾಸವಾದವನಿಗೆ ಕಾರಿಗೂ ನೀರಿನ ಭೇದ ಉಂಟು ಅಂತ ಹೊಳೆದೇ ಇರಲಿಲ್ಲ. ಎಸಿ ತೆಗೆದದ್ದರಿಂದ ಗಾಳಿ ಸ್ವಲ್ಪ ಹೆಚ್ಚು ಸಿಕ್ಕಿ ನಾಲ್ಕು ದಿನ ನಡೆಯಿತು, ರೋಗ ಇದ್ದದ್ದು ಇಲ್ಲಿ ಎಂದ ಸುಧಾಕರ. ಹೊಸ ರೇಡಿಯೇಟರ್ ಕೂರಿಸಿದ, ನೀರು ಪಂಪು ಬದಲಿಸಿದ, ಹಸಿರು ಕೂಲೆಂಟ್ ತುಂಬಿದ. ಎಸಿ ಮತ್ತೆ ಕೂರಿಸಬಹುದೇ ಅಂತ ಜಟ್ಟಿ ಕೇಳಿದ. ಇಷ್ಟು ಹಳೇ ಗಾಡಿಗೆ ಆ ಸಾಮಾನು ಎಲ್ಲಿಂದ ತರೂದು ಅಂತ ಸುಧಾಕರ ತಲೆಯಾಡಿಸಿದ.

ಕುಮಟಾದಿಂದ ಮಾವಳ್ಳಿಯವರೆಗೆ ಮುಳ್ಳು ಅಲುಗಲಿಲ್ಲ. ಜಟ್ಟಿ ನೇರ ಬಂಗಾರಿಯ ಮನೆಗೆ ಹೋಗಿ ಇದ್ದದ್ದನ್ನು ಹೇಳಿದ. ತಪ್ಪು ಎಸಿಯದಲ್ಲ, ತನ್ನದು ಅಂದ. ಕೇಳದೆ ತೆಗೆಸಿದ್ದು ಇನ್ನೊಂದು ತಪ್ಪು ಅಂತಲೂ ಅಂದ.

ಬಂಗಾರಿಯ ಕಾಲು ಊದಿಕೊಂಡಿತ್ತು, ಅದನ್ನೇ ಒತ್ತಿ ನೋಡುತ್ತಿದ್ದಳು.

"ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ಆ ಕಾರಲ್ಲಿ ಕೂರೂಕೆ ನಂಗೆ ಹೆದ್ರಿಕೆ ಆಗ್ತದೆ ಜಟ್ಟಿ," ಅಂದಳು.

ಮುರ್ಡೇಶ್ವರದ ಇನ್ನೊಬ್ಬ ರೋಗಿಯ ಮನೆಯವರು ಎಸಿ ವ್ಯಾನು ಗೊತ್ತುಮಾಡಿದ್ದರು. ದೀಪಿಕಾ ಅಮ್ಮನಿಗೂ ಅದರಲ್ಲಿ ಜಾಗ ಹೇಳಿಟ್ಟಿದ್ದಳು. ಜಟ್ಟಿ ಸರಿ ಎಂದು ಏಳುವಾಗ ಬಂಗಾರಿ ತಡೆದಳು.

"ಕಾರು ಬೇಡ ಅಂದೆ. ನೀ ಬರೂದು ಬೇಡ ಅಂತ ನಾ ಹೇಳ್ಲಿಲ್ಲ. ಅಲ್ಲಿ ನಾಲ್ಕು ತಾಸು ನನ್ನ ಹತ್ರ ಕೂರೂಕೆ ಯಾರಿದ್ದಾರೆ?"

ಶುಕ್ರವಾರ ಜಟ್ಟಿ ಆ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತ. ಬೇರೆಯವನು ಓಡಿಸುವ ಗಾಡಿಯಲ್ಲಿ ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮಂಕಿ ಬರುವ ಮೊದಲೇ ಬಂಗಾರಿಗೆ ನಿದ್ದೆ ಹತ್ತಿತು. ಅವಳ ಪಾದ ಮುಟ್ಟಿ ನೋಡಿದ, ತಣ್ಣಗಿತ್ತು. ತಂಪು ಸ್ವಲ್ಪ ಕಡಿಮೆ ಮಾಡಿ ಅಂತ ಡ್ರೈವರಿಗೆ ಮೆಲ್ಲಗೆ ಹೇಳಿ, ಹೆಗಲ ಮೇಲಿನ ಟವೆಲ್ಲು ತೆಗೆದು ಪಾದಕ್ಕೆ ಹೊದೆಸಿದ.