ಬೇಟೆಗೆ ಕಟ್ಟಿದ ಬುತ್ತಿ

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗಳು, ಅಳಿಯ, ಮೊಮ್ಮಗಳು ಸೇರಿ ನನ್ನನ್ನು ತಾವಿರುವ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ಉತ್ತರಕ್ಕೆ, ಕಾಡಿನ ಅಂಚಿನ ಒಂದು ಬಾಡಿಗೆ ಮನೆಗೆ ಕರೆದೊಯ್ದರು. ಅದು ಜಿಂಕೆ ಬೇಟೆಯ ಕಾಲ. ಹೊರಗೆ ಕಾಲಿಡಬೇಡ ಎಂದು ಮಗಳು ಮೊದಲೇ ಹೇಳಿದ್ದಳು. ಒಳಗೇ ಕೂತೆ. ಬೇಸರವೇನೂ ಆಗಲಿಲ್ಲ. ಹೀಟರಿನ ಬಿಸಿ, ಕಿಟಕಿಯಾಚೆ ಬೋಳು ಮರಗಳು. ದೂರದಲ್ಲಿ ಗುಂಡು ಹಾರಿದಾಗ ನಾನು "ಶಿವಾ" ಎನ್ನುತ್ತಿದ್ದೆ. ಮೊಮ್ಮಗಳು ಫೋನಿನಿಂದ ತಲೆ ಎತ್ತುತ್ತಿರಲಿಲ್ಲ.

ಅಳಿಯ ಮಾತ್ರ ಬೆಳಕು ಹರಿಯುವ ಮೊದಲೇ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಆಫೀಸಿನ ಗೆಳೆಯನ ಜತೆ ಹೋದ.

"ಎಲ್ಲಿಗಬೇ ಹೋದ್ರು?" ಎಂದೆ ಮಗಳಿಗೆ.

"ಇಲ್ಲೇ ಜಾಗ ನೋಡಾಕವ್ವ. ಛಲೋದು ಸಿಕ್ಕರ ಒಂದು ಸಣ್ಣ ಮನಿ ಕಟ್ಟೋಣಂತ. ಆ ಬಣ್ಣ ಹಾಕ್ಕೊಂಡ್ರ ಬೇಟೆಗಾರರು ಮನಷ್ಯಾ ಅಂತ ಗುರ್ತು ಹಿಡೀತಾರ."

ನಮ್ಮ ಕಡೆ ಹೊಲ ಮನೆ ನೋಡಲು ಹೊರಟವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿದೆ. ಶೇಂಗಾ ಚಟ್ನಿ, ಮೊಸರನ್ನ ಇಟ್ಟು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಅಳಿಯನ ಕೈಗೆ ಕೊಟ್ಟೆ. "ಹ್ವಾದ ಕೆಲಸ ಹೂವ ಎತ್ತಿದಂಗ ಆಗಲಿ" ಎಂದೆ. ಅವನು ನೆಲ ನೋಡುತ್ತ "ಆತ್ರಿ ಅತ್ತಿ" ಎಂದು ಇಸಿದುಕೊಂಡ. ಮಗಳು ಅಲ್ಲೇ ಚಹಾ ಸೋಸುತ್ತಿದ್ದಳು.

ಮಧ್ಯಾಹ್ನ ಉಳ್ಳಾಗಡ್ಡಿ ತರಲು ಗ್ಯಾರೇಜಿಗೆ ಹೋದೆ. ತೊಲೆಗೆ ಜಿಂಕೆಯನ್ನು ತಲೆಕೆಳಗಾಗಿ ನೇತುಹಾಕಿದ್ದರು. ಕೆಳಗೊಂದು ಬಕೆಟ್ಟು. ಗೂಟಕ್ಕೆ ಅಳಿಯನ ಜಾಕೆಟ್, ಪಕ್ಕದಲ್ಲೇ ನನ್ನ ಬುತ್ತಿಯ ಬಟ್ಟೆ, ಖಾಲಿ. ಉಳ್ಳಾಗಡ್ಡಿ ತಂದು ಮಗಳ ಮುಂದೆ ಇಟ್ಟೆ.

"ಜಾಗ ಭಾಳ ಛಲೋ ಸಿಕ್ಕೈತಿ ನೋಡು. ನಾಕು ಕಾಲು ಅದಾವ ಅದಕ್ಕ."

ಅವಳು ಉಳ್ಳಾಗಡ್ಡಿ ತನ್ನತ್ತ ಎಳೆದುಕೊಂಡಳು. "ನಿನಗ ತ್ರಾಸ ಆಗ್ತೈತಂತ ಹೇಳಲಿಲ್ಲವ್ವ."

"ಡ್ಯಾಡ್ ಗೋಸ್ ಎವ್ರಿ ಇಯರ್, ಅಜ್ಜಿ" ಎಂದಳು ಮೊಮ್ಮಗಳು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ.

"ನೀನೂ ತಿಂತೀಯೇನು?" ಎಂದು ಮಗಳನ್ನು ಕೇಳಿದೆ. ದಿನಾ ಸಂಜೆ ಅಂಗೈಯಲ್ಲಿ ಲಿಂಗ ಹಿಡಿದು ನನ್ನ ಪಕ್ಕ ಪೂಜೆಗೆ ಕೂಡುವವಳು. ಅವಳು ಉಳ್ಳಾಗಡ್ಡಿ ಸುಲಿಯತೊಡಗಿದಳು.

ತಿನ್ನುವವರು ತಿನ್ನಲಿ. ನಮ್ಮೂರಲ್ಲೂ ತಿನ್ನುವವರಿದ್ದರು, ಹೇಳಿಯೇ ತಿನ್ನುತ್ತಿದ್ದರು. ಅವರ ಜತೆ ಒಂದೇ ಸಾಲಿನಲ್ಲಿ ಕಳೆ ತೆಗೆದಿದ್ದೇನೆ. ಇವರು ನನ್ನ ಬಾಯಿಂದ ಹರಸಿಸಿಕೊಂಡು, ನನ್ನ ಬುತ್ತಿ ಉಂಡು ಕೊಂದು ಬಂದರು. ನಾನು ಹರಸುವಾಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಳಿಯ ಬೇರೆಯವರ ಮಗ, ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ.

ಮರುದಿನ ಮನೆಗೆ ಹೊರಡಬೇಕಿತ್ತು.

"ಅವ್ವಾ, ಸ್ನೋ ಭಾಳ ಬೀಳಾಕತ್ತೈತಿ. ಇವತ್ತ ಡ್ರೈವ್ ಮಾಡಾಕ ಆಗಂಗಿಲ್ಲ" ಎಂದಳು ಮಗಳು.

ನಾನು ಎದ್ದು ಹೋಗಿ ಪರದೆ ಸರಿಸಿದೆ. ಹಿಮ ಬೀಳುತ್ತಲೇ ಇತ್ತು, ದಾರಿ ಮುಚ್ಚಿಹೋಗಿತ್ತು. ತಿರುಗಿದರೆ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಯಾಕೆ ಎದ್ದು ಹೋದೆ ಎಂಬುದು ಅವಳಿಗೆ ತಿಳಿದಿತ್ತು.