ಅಮ್ಮಾನ್‌ನಲ್ಲಿ ಅವ್ವನೊಡನೆ ಕನ್ನಡ

ನಾನು ಜೋರ್ಡಾನಿನ ಅಮ್ಮಾನ್ ನಗರಕ್ಕೆ ಬಂದಿಳಿದದ್ದು ಕಳೆದ ವರ್ಷದ ಸೆಪ್ಟೆಂಬರ್ ಹನ್ನೊಂದರಂದು. ಪಾಸ್‌ಪೋರ್ಟಿನ ಮುದ್ರೆಯನ್ನು ನೋಡಿಯೇ ಬರೆಯುತ್ತಿದ್ದೇನೆ. ನಿವೃತ್ತನಾದ ಮೇಲೆ ಒಂದು ಸೆಮಿಸ್ಟರ್ ಅರಬ್ಬಿ ಕಲಿಯಲು ಹೋಗಿದ್ದ ನಂಜನಗೂಡಿನವನಾದ ನನಗೆ ಹಾಸ್ಟೆಲ್ಲಿನ ಕೊಠಡಿಯಲ್ಲಿ ಜೊತೆಯಾದವನು ಟಿ. ನರಸೀಪುರದ ಒಬ್ಬ ತರುಣ. ಹಳ್ಳಿಯನ್ನು ‘ಅಳ್ಳಿ’ ಎನ್ನುತ್ತಿದ್ದ ಅವನು ಅರಬ್ಬಿಯ ಎರಡು ಬಗೆಯ ಹಕಾರಗಳನ್ನು ಸ್ವಚ್ಛವಾಗಿ ಬೇರ್ಪಡಿಸಿ ನುಡಿಯುತ್ತಿದ್ದ. ಅಧ್ಯಾಪಕರು ಪಾಠವನ್ನು ಅವನಿಂದಲೇ ಓದಿಸುತ್ತಿದ್ದರು. ಪ್ರಮಾಣಪತ್ರ ಕೈಗೆ ಬಂದರೆ ಊರಿಗೆ ಮರಳಿದೊಡನೆ ಅನುವಾದಕನ ಕೆಲಸ ಅವನಿಗಾಗಿ ಕಾದಿತ್ತು.

ಹಾಸ್ಟೆಲ್ಲಿನೊಳಗೆ ಅರಬ್ಬಿಯ ಹೊರತು ಬೇರೆ ಭಾಷೆ ಆಡುವುದಿಲ್ಲವೆಂದು ಸೇರುವಾಗ ಎಲ್ಲರೂ ಸಹಿ ಹಾಕಿದ್ದೆವು. ಮೂರನೆಯ ಎಚ್ಚರಿಕೆಯಾದರೆ ಕೋರ್ಸಿನಿಂದಲೇ ಹೊರಗೆ. ಸಂಜೆ ಅವನು ಕಿಟಕಿಯ ಬಳಿ ಕುಕ್ಕುರುಗಾಲಿನಲ್ಲಿ ಕೂತು, ಫೋನಿಗೆ ಅಂಗೈ ಮರೆಮಾಡಿಕೊಂಡು ತಾಯಿಯೊಡನೆ ಮಾತಾಡುತ್ತಿದ್ದ. ಮೆಟ್ಟಿಲ ಮೇಲೆ ಇಂಗ್ಲಿಷಿನಲ್ಲಿ ಹರಟುತ್ತಿದ್ದವರನ್ನು ದಾಟಿ ಬಂದ ವಾರ್ಡನ್ ಎರಡು ಸಲವೂ ಎಚ್ಚರಿಸಿದ್ದು ಅವನೊಬ್ಬನನ್ನೇ.

“ನಮ್ಮವ್ವಂಗೆ ಉಂಡ್ಯಾ ಅಂತ ಅರಬ್ಬಿಲಿ ಕೇಳ್ಲಾ? ನ್ಯಾಯ ಯೇಳಿ ಸಾ,” ಎಂದ, ವಾರ್ಡನ್ ಹೋದ ಮೇಲೆ ನನ್ನತ್ತ ತಿರುಗಿ.

“ಎರಡು ಎಚ್ಚರಿಕೆ ಆಗಿವೆಯಪ್ಪ. ಬೀದಿಗೆ ಹೋಗಿ ಮಾತಾಡು,” ಎಂದೆ.

“ಬೀದಿಲಿ ನಿಂತ್ಕೊಂಡು ಮಾತಾಡಕೆ ನಮ್ಮವ್ವ ಏನ್ ಕಳ್ತನ ಮಾಡವ್ಳಾ ಸಾ?”

ಮೂರನೆಯ ಎಚ್ಚರಿಕೆಯೂ ಆಗಿ, ಪರೀಕ್ಷೆಗೆ ಮೊದಲೇ ಅವನನ್ನು ಹೊರಹಾಕಿದರು. ನಾನು ಭಾಷಾ ಶಾಲೆಯ ನಿರ್ದೇಶಕರೊಡನೆ ಜಗಳವಾಡಿದೆ. ನಿಯಮ ಎಲ್ಲರಿಗೂ ಒಂದೇ ಎಂದು ಅವರು ನನಗೆ ವಿವರಿಸಿದ್ದು ಇಂಗ್ಲಿಷಿನಲ್ಲಿ.

ಈ ಬರಹಕ್ಕಾಗಿ ಶಾಲೆಯ ಕಡತದ ಪ್ರತಿಯನ್ನು ಅವನ ಮೂಲಕವೇ ತರಿಸಿ ನೋಡಿದೆ. ಅವನು ಹೊರಟ ದಿನಾಂಕ ನನ್ನ ದಿನಚರಿಯೊಂದಿಗೆ ತಾಳೆಯಾಗುತ್ತದೆ. ಕಾರಣದ ಅಂಕಣದಲ್ಲಿ ‘ಸ್ವಂತ ಇಚ್ಛೆಯಿಂದ’ ಎಂದಿದೆ.