ಸೀರೆ ಚಿಂದಿಯ ಗಂಟು

ಗಂಗಪ್ಪ ತೀರಿಹೋದ ಸುದ್ದಿ ಬಂದಾಗ ಅವರ ಹೆಂಡತಿ ಚಂದ್ರಭಾಗಾಬಾಯಿ ಮಿರಜದ ತಮ್ಮ ಪುಟ್ಟ ಗ್ಯಾರೇಜಿನ ಅಂಗಳದಲ್ಲಿ ರೇಡಿಯೇಟರ್ ತೊಳೆಯುತ್ತ ಕೂತಿದ್ದರು. ಗಂಗಪ್ಪ ಎಂಜಿನ್ನಿನ ಪ್ಯಾಕಿಂಗ್ ತರಲು ಸಾಂಗ್ಲಿಗೆ ಹೋಗಿದ್ದರು. ಅಂಗಡಿಯವನು ಫೋನಿನಲ್ಲಿ "ವಹಿನಿ, ಜರಾ ಯಾ" ಎಂದು ಮರಾಠಿಯಲ್ಲಿ ಬರಹೇಳಿದ. ಕೌಂಟರಿನ ಮುಂದೆ ನಿಂತಿದ್ದ ಜೀವ ಅಲ್ಲೇ ಕುಸಿದಿತ್ತು.

ಈಗ ಬೆಳಕು ಹರಿಯುವ ಹೊತ್ತಿಗೆ ಚಂದ್ರಭಾಗಾಬಾಯಿ ಒಬ್ಬರೇ ಶೆಟರ್ ಎತ್ತುತ್ತಾರೆ. ಪಾಂಡುರಂಗನ ಪಟಕ್ಕೆ ಊದುಬತ್ತಿ ಹಚ್ಚುತ್ತಾರೆ. ಆಮೇಲೆ ಬಾನೆಟ್ ತೆರೆದು ನಿಂತಿರುವ ಹಳೆಯ ಅಂಬಾಸಿಡರ್ ಹತ್ತಿರ ಹೋಗುತ್ತಾರೆ. ಅದು ಕಸಬೆ ಡಿಗ್ರಜದ ರೈತ ಬಾಹುಬಲಿ ಕಾಕಾ ಅವರ ಕಾರು. ಗಂಗಪ್ಪ ಕೊನೆಯದಾಗಿ ಬಿಚ್ಚಿದ ಎಂಜಿನ್. ಪಿಸ್ಟನ್, ಹೆಡ್ಡು ಎಲ್ಲವನ್ನೂ ಗೆಳೆಯ ಗುರುಪಾದ ಮೇಸ್ತ್ರಿ ಕೂರಿಸಿಕೊಟ್ಟು ಹೋಗಿದ್ದಾರೆ. ಉಳಿದಿರುವುದು ಎಂಜಿನ್ ತಂಪಾಗಿಡುವ ನೀರಿನ ಲೈನು. ಅದು ಮೊದಲಿನಿಂದಲೂ ಚಂದ್ರಭಾಗಾಬಾಯಿಯ ಪಾಲಿನ ಕೆಲಸ.

ಅಥಣಿ ಕಡೆಯಿಂದ ಕೂಲಿಗೆಂದು ಬಂದ ಜೋಡಿ ಇದು. ಗಂಡ ಗ್ಯಾರೇಜು ಸೇರಿ ಕೆಲಸ ಕಲಿತರು; ಇಟ್ಟಿಗೆ ಹೊರುತ್ತಿದ್ದ ಹೆಂಡತಿಗೂ ಕಲಿಸಿದರು. ಬೋರ್ಡಿನ ಮೇಲೆ ಇಂದಿಗೂ ಗಂಗಪ್ಪನ ಹೆಸರೊಂದೇ ಇದೆ.

"ಹೆಂಗಸ್ರ ಕೈಯಾಗ ನಟ್ ತಿರುವೂ ಪಾನಾ ಕೊಟ್ಟೀಯಲ್ಲೋ ಅಂತ ಮಂದಿ ನಗತಿದ್ರು," ಎಂದು ಚಂದ್ರಭಾಗಾಬಾಯಿ ನೆನೆಯುತ್ತಾರೆ. "ಮನ್ಯಾಗ ನೀರ ತುಂಬೂದು ಯಾರ್ರಿ, ಆಕೀನ ಹೌದಲ್ಲ? ಇಲ್ಲೂ ಆಕೀನ ತುಂಬತಾಳ, ಅಂತಿದ್ರು ನಮ್ಮವರು."

ಎಂಜಿನ್ ಬಿಚ್ಚುವಾಗ ಗಂಗಪ್ಪನದೇ ಒಂದು ಪದ್ಧತಿ. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಹೆಂಡತಿಯ ಹಳೆಯ ಸೀರೆ ಹರಿದು, ರಬ್ಬರ್ ಪೈಪಿಗೊಂದು, ಅದು ಕೂರುವ ಲೋಹದ ಬಾಯಿಗೊಂದು, ಒಂದೇ ಬಣ್ಣದ ಚಿಂದಿ ಕಟ್ಟುತ್ತಿದ್ದರು. ಹಸಿರಿಗೆ ಹಸಿರು, ಕೆಂಪಿಗೆ ಕೆಂಪು. ತಿರುಗಿ ಜೋಡಿಸುವಾಗ ಅವನ್ನು ಬಿಚ್ಚುವುದು ಹೆಂಡತಿಯ ಕೆಲಸ.

"ಹೊಸಾ ಸೀರಿ ಉಟ್ಟ ದಿನಾನ, ಇದು ಯಾವಾಗ ಹಳೀದಾಗತೈತಿ ಅಂತ ಕೇಳವರು!" ನಗುತ್ತಲೇ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಇಂದು ಬಾಹುಬಲಿ ಕಾಕಾ ಕಾರು ಒಯ್ಯಲು ಬಂದಿದ್ದಾರೆ. ಚಂದ್ರಭಾಗಾಬಾಯಿ ಒಂದೊಂದೇ ಚಿಂದಿ ಬಿಚ್ಚಿ ಪೈಪು ಕೂರಿಸುತ್ತಾರೆ. ಕೆಳಗಿನ ದಪ್ಪ ಪೈಪಿನ ಸರದಿ ಬಂದಾಗ ಕೈ ತಡೆಯುತ್ತದೆ. ಎಂಜಿನ್ನಿನ ಬಾಯಿಗೆ ಕಟ್ಟಿರುವ ನೇರಳೆ ಚಿಂದಿ, ಗಂಗಪ್ಪನ ಕೈ ಹಾಕಿದ ಗಂಟುಗಳಲ್ಲಿ ಕಡೆಯದು. ಅದನ್ನು ಬಿಚ್ಚದೆ ಹಿಂದಕ್ಕೆ ಸರಿಸಿ, ಮೇಲೆ ಪೈಪು ತೊಡಿಸಿ ಕ್ಲಿಪ್ ಬಿಗಿಯುತ್ತಾರೆ.

ನೀರು ತುಂಬಿ ಎಂಜಿನ್ ಚಾಲೂ ಮಾಡುತ್ತಾರೆ. ಒಳಗಿನ ಗಾಳಿ ಹೊರಬರಲು ಒಬ್ಬರು ಪೈಪು ಹಿಂಡಬೇಕು, ಇನ್ನೊಬ್ಬರು ರೇಡಿಯೇಟರ್ ಬಾಯಲ್ಲಿ ಗುಳ್ಳೆ ನೋಡಬೇಕು. ಗಾಳಿ ಒಳಗುಳಿದರೆ ಎಂಜಿನ್ ಕಾದು ಹೆಡ್ಡು ಸೊಟ್ಟಾಗುತ್ತದೆ. ಹಿಂಡುತ್ತಿದ್ದವರು ಗಂಗಪ್ಪ. ಇಂದು ಆ ಜಾಗದಲ್ಲಿ ಬಾಹುಬಲಿ ಕಾಕಾ.

"ಎಮ್ಮಿ ಹಿಂಡಿದಂಗ ಹಿಂಡ್ರಿ ಕಾಕಾ, ಮೆತ್ತಗ."

"ನಮ್ಮ ಮನ್ಯಾಗ ಎಮ್ಮಿ ಹಿಂಡಾಕಿ ನಿಮ್ಮ ಕಾಕೂ. ನನಗ ಹಾಲ ಕುಡಿಯೂದಷ್ಟ ಗೊತ್ತವಾ!"

ಇಬ್ಬರೂ ನಗುತ್ತಿರುವಾಗಲೇ ಕೆಳಗೆ ತೊಟ್ಟಿಕ್ಕುವ ಸದ್ದು. ಕ್ಲಿಪ್ ಇನ್ನಷ್ಟು ಬಿಗಿದರೂ ನೀರು ನಿಲ್ಲುವುದಿಲ್ಲ. ಬಗ್ಗಿ ನೋಡಿದರೆ ಚಿಂದಿಯ ತುದಿ ಪೈಪಿನೊಳಗೆ ಸಿಕ್ಕಿಕೊಂಡು, ನೀರು ಹೀರಿ ಹೊರಗೆ ಹನಿಸುತ್ತಿದೆ. ಅವರು ಎಂಜಿನ್ ಆರಿಸುತ್ತಾರೆ.

"ಯಾಕ ಬಿಚ್ಚಲಿಲ್ಲವಾ?" ಎಂದು ಕೇಳಹೊರಟ ಕಾಕಾ ಚಂದ್ರಭಾಗಾಬಾಯಿಯ ಮುಖ ನೋಡಿ ದನಿ ತಗ್ಗಿಸುತ್ತಾರೆ. "ಇರ್ಲಿ ಬಿಡು. ಹನಿ ಸೋರಿದ್ರ ಸೋರ್ಲಿ. ನಾ ನೀರ ಹಾಕ್ಕೋತ ಹೋಗತೇನಿ."

"ಹಂಗ ಹೆಂಗ ಬಿಡೂದ್ರಿ ಕಾಕಾ? ಸೋರೂ ಗಾಡಿ ಈ ಬಾಗಲಾ ದಾಟಿದ್ರ ಅವರ ಹೆಸರ ಕೆಡತೈತಿ. ಗಂಟ ಇಟಗೊಂಡು ಹೆಸರ ಕಳೀಲೇನು?"

ಎಂಜಿನ್ ತಣಿಯುವ ತನಕ ಅದರ ಪಕ್ಕದಲ್ಲೇ ಕೂರುತ್ತಾರೆ. ನೀರು ಬಸಿದು, ಪೈಪು ಕಳಚುತ್ತಾರೆ. ಒದ್ದೆ ಗಂಟು ಬಿಗಿದುಕೊಂಡಿದೆ. ಕಾಕಾ ಚಾಕು ಚಾಚಿದರೆ ತಲೆಯಾಡಿಸಿ, ಉಗುರಿನಿಂದಲೇ ಎಳೆ ಎಳೆಯಾಗಿ ಸಡಿಲಿಸುತ್ತಾರೆ. ಬಿಚ್ಚಿದ ಚಿಂದಿಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಗಿಸುತ್ತಾರೆ.

ಮತ್ತೆ ನೀರು, ಮತ್ತೆ ಎಂಜಿನ್ನಿನ ಸದ್ದು. ಗುಳ್ಳೆಗಳು ನಿಲ್ಲುತ್ತವೆ. ಮೇಲಿನ ಪೈಪು ಅವರ ಅಂಗೈಯಡಿ ನಿಧಾನವಾಗಿ ಬಿಸಿಯಾಗುತ್ತದೆ. ನೀರು ಸುತ್ತು ಹೊಡೆಯತೊಡಗಿದೆ. ಕೆಳಗೆ ಒಂದು ಹನಿಯೂ ಬೀಳುತ್ತಿಲ್ಲ.

"ಬೋರ್ಡ್ ಮ್ಯಾಲ ನಿನ್ನ ಹೆಸರೂ ಬರಸವಾ," ಎನ್ನುತ್ತಾರೆ ಕಾಕಾ, ಕಾರು ಹತ್ತುತ್ತ.

"ಅವರದ ಇರ್ಲಿರಿ. ನಾ ತುಂಬಿದ ನೀರ ಸೋರದಿದ್ರ ಸಾಕು."

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಅವರು ಬಾಗಿಲಲ್ಲೇ ನಿಲ್ಲುತ್ತಾರೆ. ಆಮೇಲೆ ಒಳಗೆ ಬಂದು, ನೇರಳೆ ಚಿಂದಿಯನ್ನು ಪಟದ ಮುಂದಿಟ್ಟು ಕೈ ಮುಗಿಯುತ್ತಾರೆ.

"ಪಾಂಡುರಂಗಾ, ಜನ್ಮಾ ಪೂರ ಕಾದ ಎಂಜಿನ್ ಮುಂದ ನಿಂತ ಜೀವ ಅದು. ನಿನ್ನ ಪಾದದ ನೆಳ್ಳಾಗ ಅದನ್ನ ತಣ್ಣಗ ಇಡಪಾ."